ಹೊಟ್ಟೆ ಉಬ್ಬರ ಅಂತ ಸುಮ್ನೆ ಬಿಡಬೇಡಿ

ಸಂಪಾದಕರೇ,

ಹೋದ ವರ್ಷ ಕಾಫಿ ಕೊಯ್ಲಿನ ಹೊತ್ತಿಗೆ ನಮ್ಮ ಅತ್ತಿಗೆಗೆ ಹೊಟ್ಟೆ ಉಬ್ಬರ ಶುರುವಾಯಿತು. ‘ಲಂಗದ ಲಾಡಿ ಸಾಲ್ತಾ ಇಲ್ಲ’ ಅಂದರು. ಗ್ಯಾಸ್ ಇರಬೇಕು ಅಂತ ಎರಡು ತಿಂಗಳು ಸುಮ್ನೆ ಕಳೆದೆವು. ಅದು ಅಂಡಾಶಯದ ಕ್ಯಾನ್ಸರ್.

ಈ ಕ್ಯಾನ್ಸರ್ ಇದೆಯೇ ಅಂತ ತಿಳಿಯಲು ರಕ್ತದಲ್ಲಿ ಸಿಎ-125 ಎಂಬ ಪ್ರೋಟೀನ್ ನೋಡುತ್ತಾರೆ. ಸಾಮಾನ್ಯವಾಗಿ ಒಂದು ಮಿಲಿಲೀಟರ್‌ಗೆ 35 ಯೂನಿಟ್ ಒಳಗಿರಬೇಕು. ಕ್ಯಾನ್ಸರ್ ಕಣಗಳು ಹೊಟ್ಟೆಯ ಒಳಪೊರೆಗೆ ಅಂಟಿಕೊಂಡು ಹರಡಲು ನೆರವಾಗುವುದೂ ಇದೇ ಪ್ರೋಟೀನ್. ಆದರೆ ಮುಟ್ಟು, ಬಸಿರು, ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ಇದ್ದರೂ ಇದು ಏರಬಹುದು. ಶುರುವಿನ ಕ್ಯಾನ್ಸರ್‌ನಲ್ಲಿ ಏರದೆಯೂ ಇರಬಹುದು. ಜೊತೆಗೆ ಸ್ಕ್ಯಾನಿಂಗ್ ಬೇಕೇ ಬೇಕು.

ಕಾಫಿ ತೋಟದ ಕೂಲಿಯವರ ಲೈನ್‌ಮನೆಯ ಹೆಂಗಸು ಇದಕ್ಕೆಲ್ಲ ಮಡಿಕೇರಿಗೆ ಹೋಗಿ ಬಂದರೆ ಆ ದಿನದ ಕೂಲಿ ಹೋಯಿತು, ಅಲ್ವಾ? ಆರೋಗ್ಯ ಇಲಾಖೆ ತಿಂಗಳಿಗೊಮ್ಮೆಯಾದರೂ ಹೆಂಗಸರ ಡಾಕ್ಟರನ್ನು ತೋಟಗಳಿಗೇ ಕಳಿಸಲಿ.

– ಓದುಗರೊಬ್ಬರು, ಸೋಮವಾರಪೇಟೆ