ಕಾರ್ತೇಜ್ ಸೋತಿದ್ದು ವ್ಯಾಪಾರದಿಂದಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಪ್ರಾಚೀನ ಕಡಲ ಸಾಮ್ರಾಜ್ಯಗಳ ಬಗ್ಗೆ ಬಂದ ಲೇಖನ ಓದಿದೆ. ಇಂಥ ವಿಷಯಕ್ಕೆ ಇಡೀ ಪುಟ ಬಿಟ್ಟುಕೊಟ್ಟಿದ್ದು ಖುಷಿಯಾಯಿತು. ಟೈರ್, ಸಿಡಾನ್ ಬಂದರುಗಳ ಭಾಗವಂತೂ ಸೊಗಸಾಗಿತ್ತು. ಆದರೆ ಉತ್ತರ ಆಫ್ರಿಕಾದ ಕರಾವಳಿಯಲ್ಲಿದ್ದ (ಇಂದಿನ ಟ್ಯುನೀಷಿಯಾ) ಕಾರ್ತೇಜಿನ ಕಥೆಯನ್ನು ಎರಡೇ ಸಾಲಲ್ಲಿ ಮುಗಿಸಿಬಿಟ್ಟಿದ್ದಾರೆ. ಕಾರ್ತೇಜಿನವರು ಬರೀ ವ್ಯಾಪಾರಿಗಳಂತೆ, ಸಂಬಳದ ಸೈನಿಕರನ್ನು ನಂಬಿ ರೋಮಿನ ರೈತ ಸೈನಿಕರ ಮುಂದೆ ಸೋತರಂತೆ, ರೋಮನ್ನರು ಊರನ್ನು ನೆಲಸಮ ಮಾಡಿ ಉಪ್ಪು ಬಿತ್ತಿದರಂತೆ. ನನ್ನ ತಕರಾರು ಈ ಎರಡು ಸಾಲಿನ ಮೇಲೆ.

ಮೊದಲು ಉಪ್ಪಿನ ವಿಷಯ. ಕ್ರಿ.ಪೂ. 146ರಲ್ಲಿ ಕಾರ್ತೇಜ್ ಉರಿಯುವಾಗ ಇತಿಹಾಸಕಾರ ಪಾಲಿಬಿಯಸ್ ರೋಮನ್ ಸೇನಾಪತಿ ಸ್ಕಿಪಿಯೋನ ಪಕ್ಕದಲ್ಲೇ ಇದ್ದ. ಊರು ಸುಟ್ಟಿದ್ದು ನಿಜ, ಉಳಿದವರನ್ನು ಗುಲಾಮರಾಗಿ ಮಾರಿದ್ದೂ ನಿಜ. ಆದರೆ ಉಪ್ಪಿನ ಮಾತು ಹಳೆಯ ಕಾಲದ ಯಾವ ಲೇಖಕನಲ್ಲೂ ಇಲ್ಲ. ಅದು ತೀರಾ ಈಚಿನ ಪುಸ್ತಕಗಳಲ್ಲಿ ಸೇರಿಕೊಂಡ ಕಥೆ. ಅಷ್ಟಕ್ಕೂ ಮುಂದೆ ಆ ಪ್ರದೇಶದಿಂದಲೇ ರೋಮಿಗೆ ಶತಮಾನಗಟ್ಟಲೆ ಗೋಧಿ ಹೋಯಿತು. ಅನ್ನ ಕೊಡುವ ಹೊಲಕ್ಕೆ ಯಾರಾದರೂ ಉಪ್ಪು ಸುರೀತಾರಾ? ಶಾಲೆ ಮಕ್ಕಳು ನಿಮ್ಮ ಪುರವಣಿಯನ್ನೇ ಕತ್ತರಿಸಿ ಪ್ರಾಜೆಕ್ಟಿಗೆ ಅಂಟಿಸುತ್ತಾರೆ. ಒಂದು ತಿದ್ದುಪಡಿ ಹಾಕಿದರೆ ಉಪಕಾರ.

ಇನ್ನು ವ್ಯಾಪಾರದ ಮಾತು. ಕಾರ್ತೇಜಿನವರು ವ್ಯಾಪಾರಿಗಳು, ಸರಿ. ಆದರೆ ತಕ್ಕಡಿ ಹಿಡಿದು ಸುಮ್ನೆ ಕೂತವರಲ್ಲ. ರೋಮಿನ ಜೊತೆ ಅವರು ಮಾಡಿಕೊಂಡ ಮೊದಲ ಒಪ್ಪಂದವನ್ನು ಪಾಲಿಬಿಯಸ್ ಬರೆದಿಟ್ಟಿದ್ದಾನೆ. ಅವನ ಲೆಕ್ಕದಲ್ಲಿ ಅದು ಕ್ರಿ.ಪೂ. 509ರದ್ದು. ಅದರ ಪ್ರಕಾರ ರೋಮನ್ನರ ಯುದ್ಧದ ಹಡಗುಗಳು ಒಂದು ಭೂಶಿರ ದಾಟಿ ಮುಂದೆ ಹೋಗುವಂತಿಲ್ಲ. ಸಾರ್ಡೀನಿಯಾದಲ್ಲೋ ಲಿಬಿಯಾದಲ್ಲೋ ವ್ಯಾಪಾರಕ್ಕೆ ಬಂದವರು ಒಬ್ಬ ಗುಮಾಸ್ತನ ಎದುರಲ್ಲೇ ವ್ಯವಹಾರ ಮುಗಿಸಬೇಕು. ಅವನ ಎದುರು ಮಾರಿದ ಮಾಲಿಗೆ ಹಣ ಕೊಡಿಸುವ ಹೊಣೆ ಸರ್ಕಾರದ್ದು. ಎಷ್ಟು ನಾಜೂಕಾದ ಏರ್ಪಾಡು ನೋಡಿ! ಮಾತು ಮೀರಿ ಅವರ ಕಡಲಿಗೆ ನುಗ್ಗಿದ ಹೊರಗಿನ ಹಡಗುಗಳನ್ನು ಮುಳುಗಿಸಿಬಿಡುತ್ತಿದ್ದರು ಎಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಹೇಳುತ್ತಾನೆ. ಪಾಪದವರು ಅಂತ ಹೇಳುವುದಕ್ಕೆ ನಾನು ಬಂದಿಲ್ಲ.

ರೋಮ್ ತಾನೇ ಎಷ್ಟು ರೈತರ ಊರಾಗಿತ್ತು? ಸಿಸಿಲಿ ದ್ವೀಪಕ್ಕಾಗಿ ಕ್ರಿ.ಪೂ. 264ರಲ್ಲಿ ಕಾರ್ತೇಜಿನ ಜೊತೆ ಮೊದಲ ಯುದ್ಧ ಶುರುವಾದಾಗ ಅವರಿಗೆ ಹೇಳಿಕೊಳ್ಳುವಂಥ ನೌಕಾಪಡೆ ಇರಲಿಲ್ಲ. ದಡಕ್ಕೆ ಸಿಕ್ಕಿಕೊಂಡ ಕಾರ್ತೇಜಿನ ಒಂದು ಹಡಗನ್ನು ಹಿಡಿದು, ಅದನ್ನೇ ಮಾದರಿ ಮಾಡಿಕೊಂಡು 100 ದೊಡ್ಡ ಹಡಗು ಕಟ್ಟಿದರು. ಹಡಗು ತಯಾರಾಗುವಷ್ಟರಲ್ಲಿ ನೆಲದ ಮೇಲೇ ಬೆಂಚು ಹಾಕಿ ಹುಟ್ಟು ಹಾಕುವ ಅಭ್ಯಾಸ ನಡೆಯಿತು. ಇಷ್ಟು ಬೇಗ ಹೇಗೆ ಸಾಧ್ಯ ಅನ್ನಿಸುತ್ತದೆ ಅಲ್ವಾ? ಸಿಸಿಲಿಯ ಮಾರ್ಸಾಲಾ ಹತ್ತಿರ 1970ರ ದಶಕದ ಮೊದಲಲ್ಲಿ ಕಡಲಿಂದ ಮೇಲೆತ್ತಿದ ಕಾರ್ತೇಜಿನ ಹಡಗೊಂದಿದೆ. ಅದರ ಹಲಗೆಗಳ ಮೇಲೆ ಬಡಗಿಗಳು ಬಣ್ಣದಲ್ಲಿ ಅಕ್ಷರ ಬರೆದುಕೊಂಡಿದ್ದಾರೆ, ಯಾವುದು ಎಲ್ಲಿ ಕೂರಬೇಕು ಅಂತ. ಮೊದಲೇ ತುಂಡು ಕತ್ತರಿಸಿಟ್ಟು ಆಮೇಲೆ ಜೋಡಿಸುವ ಪದ್ಧತಿ. ಹೀಗೆ ಗುರುತು ಹಾಕಿದ ಹಡಗು ಕೈಗೆ ಸಿಕ್ಕರೆ ನಕಲು ಮಾಡುವುದು ಕಷ್ಟವೇನಲ್ಲ ಎಂಬುದು ನನ್ನ ಊಹೆ.

ಆ ಯುದ್ಧದ ಕೊನೆ ಇನ್ನೂ ಸ್ವಾರಸ್ಯದ್ದು. 242ರ ಹೊತ್ತಿಗೆ ರೋಮಿನ ಖಜಾನೆ ಖಾಲಿ. ಬಿರುಗಾಳಿಗೆ ಸಿಕ್ಕು ನೂರಾರು ಹಡಗು ಹೋಗಿದ್ದವು. ಆಗ ಊರಿನ ಸಾಹುಕಾರರು ಮುಂದೆ ಬಂದರು. ಶಕ್ತಿ ಇದ್ದವನು ಒಬ್ಬನೇ, ಇಲ್ಲದವರು ಇಬ್ಬರು ಮೂವರು ಸೇರಿ, ಒಂದೊಂದು ಹಡಗಿನ ಖರ್ಚು ಹೊತ್ತರು. ಗೆದ್ದರೆ ಹಣ ವಾಪಸ್ ಕೊಡಬೇಕು ಎಂಬ ಕರಾರು. ಹೀಗೆ ಹುಟ್ಟಿದ 200 ಹಡಗುಗಳೇ 241ರಲ್ಲಿ ಸಿಸಿಲಿಯ ಪಕ್ಕದ ಎಗಾಡಿ ದ್ವೀಪಗಳ ಹತ್ತಿರ ಯುದ್ಧ ಗೆದ್ದವು. ಅದೇ ಜಾಗದ ಕಡಲ ತಳದಲ್ಲಿ ಈಗ 20ಕ್ಕೂ ಹೆಚ್ಚು ಕಂಚಿನ ಮೂತಿಗಳು ಸಿಕ್ಕಿವೆ. ಶತ್ರು ಹಡಗಿಗೆ ಗುದ್ದಲು ಹಡಗಿನ ಮುಂಭಾಗಕ್ಕೆ ಕೂರಿಸುತ್ತಿದ್ದಂಥವು. ರೋಮಿನ ಮೂತಿಗಳ ಮೇಲೆ ಖಜಾನೆ ಅಧಿಕಾರಿಯ ಹೆಸರಿದೆ, ಮಾಲು ಪರೀಕ್ಷಿಸಿ ಒಪ್ಪಿಕೊಂಡಿದ್ದಾನೆ ಎಂಬ ಒಕ್ಕಣೆಯೂ ಇದೆ. ನಮ್ಮಲ್ಲಿ ಗುತ್ತಿಗೆದಾರನ ಬಿಲ್ಲಿಗೆ ಇಂಜಿನಿಯರ್ ಸಹಿ ಹಾಕುವ ಹಾಗೆ! ಸಾಲ, ಗುತ್ತಿಗೆ, ತಪಾಸಣೆ ಎಲ್ಲ ಇದ್ದ ಮೇಲೆ ಇವರನ್ನು ರೈತರು, ಅವರನ್ನು ವ್ಯಾಪಾರಿಗಳು ಅಂತ ಬೇರೆ ಮಾಡುವುದು ಹೇಗೆ?

ಸೋತ ಕಾರ್ತೇಜಿನ ಮೇಲೆ ಬಿದ್ದ ದಂಡ 3,200 ಟ್ಯಾಲೆಂಟ್. ಒಂದು ಟ್ಯಾಲೆಂಟ್ ಅಂದರೆ ಸುಮಾರು 26 ಕೆ.ಜಿ. ಬೆಳ್ಳಿ. ಸಾವಿರ ಕೂಡಲೇ, ಉಳಿದದ್ದು ಹತ್ತು ವರ್ಷದ ಕಂತಿನಲ್ಲಿ. ಇದರಿಂದ ಸ್ವಂತ ಸೈನಿಕರಿಗೆ ಸಂಬಳ ಕೊಡಲು ಕಾಸಿಲ್ಲದೆ ಅವರೇ ತಿರುಗಿಬಿದ್ದರು. ಆ ಗಲಾಟೆ ಮುಗಿಯುತ್ತಿದ್ದಂತೆ ರೋಮ್ ಸಾರ್ಡೀನಿಯಾವನ್ನೂ ಕಿತ್ತುಕೊಂಡು ಇನ್ನೂ 1,200 ಟ್ಯಾಲೆಂಟ್ ವಸೂಲಿ ಮಾಡಿತು. ರೋಮಿನ ಪರವಾಗಿದ್ದ ಪಾಲಿಬಿಯಸ್ಸೇ ಇದಕ್ಕೆ ನ್ಯಾಯವಾದ ಕಾರಣ ಕಾಣುವುದಿಲ್ಲ ಎನ್ನುತ್ತಾನೆ. ದ್ವೀಪಗಳು ಹೋದ ಮೇಲೆ ಕಾರ್ತೇಜ್ ಸ್ಪೇನಿನ ಬೆಳ್ಳಿ ಗಣಿಗಳಿಗೆ ಕೈ ಹಾಕಿತು. ಆಮೇಲೆ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ಆನೆಗಳ ಜೊತೆ ಆಲ್ಪ್ಸ್ ದಾಟಿ ರೋಮಿನ ಮೇಲೆ ಯುದ್ಧಕ್ಕೆ ಹೋದದ್ದು ಎಲ್ಲರಿಗೂ ಗೊತ್ತು.

ನಿಮ್ಮ ಲೇಖಕರು ಪೂರ್ತಿ ಬಿಟ್ಟಿದ್ದು ಅದರ ನಂತರದ 50 ವರ್ಷ. ನನಗೆ ಇದೇ ಮುಖ್ಯ. ಆ ಯುದ್ಧವನ್ನೂ ಸೋತ ಮೇಲೆ ಆದ 201ರ ಒಪ್ಪಂದದಲ್ಲಿ ಕಾರ್ತೇಜಿಗೆ ಉಳಿದದ್ದು ಬರೀ 10 ಯುದ್ಧದ ಹಡಗು. ರೋಮಿನ ಅಪ್ಪಣೆ ಇಲ್ಲದೆ ಯುದ್ಧ ಮಾಡುವಂತಿಲ್ಲ. ದಂಡ 10,000 ಟ್ಯಾಲೆಂಟ್, ಅಂದರೆ ಸುಮಾರು 260 ಟನ್ ಬೆಳ್ಳಿ, 50 ವರ್ಷದ ಕಂತು. ಹ್ಯಾನಿಬಲ್ ಊರಿಗೆ ಬಂದು ಅಧಿಕಾರ ಹಿಡಿದು ಖಜಾನೆಯ ಸೋರಿಕೆ ನಿಲ್ಲಿಸಿದ. ಹಣ ನುಂಗುತ್ತಿದ್ದವರ ಕಣ್ಣು ಕೆಂಪಾಗಿ ಅವನು ದೇಶ ಬಿಟ್ಟು ಓಡಬೇಕಾಯಿತು, ಅದು ಬೇರೆ ಕಥೆ. ಇದೆಲ್ಲ ಆಗಿ 191ರಲ್ಲಿ, ಹತ್ತೇ ವರ್ಷಕ್ಕೆ, ಬಾಕಿ ಎಲ್ಲ ಒಟ್ಟಿಗೇ ಕೊಡುತ್ತೇವೆ ಅಂತ ಕಾರ್ತೇಜ್ ಹೇಳಿ ಕಳಿಸಿತು. ರೋಮ್ ಬೇಡ ಅಂದಿತು! ಸಾಲಗಾರ ಗಂಟು ತಂದರೂ ಬೇಡ ಅನ್ನುವ, ಸಾಲ ಕೊಟ್ಟವನಿಗೆ ಬೇಕಾದದ್ದು ದುಡ್ಡಲ್ಲ, ಹಿಡಿತ.

151ರ ಹೊತ್ತಿಗೆ ಕಂತು ಮುಗಿಯಿತು. 149ರಲ್ಲಿ ರೋಮನ್ ಸೈನ್ಯ ಬಂದಿಳಿಯಿತು. ಜಮೀನು ಕಬಳಿಸುತ್ತಿದ್ದ ಪಕ್ಕದ ನುಮಿಡಿಯಾದ ರಾಜನ ಮೇಲೆ ಅಪ್ಪಣೆ ಇಲ್ಲದೆ ಯುದ್ಧಕ್ಕೆ ಹೋದಿರಿ ಎಂಬುದು ನೆಪ. ಕಾರ್ತೇಜಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು. ದೊಡ್ಡ ಮನೆತನಗಳ 300 ಮಕ್ಕಳನ್ನು ಒತ್ತೆ ಕೊಟ್ಟರು, ಆಯುಧಗಳನ್ನೆಲ್ಲ ಗಾಡಿಗೆ ಹೇರಿ ಕಳಿಸಿದರು. ಆಗ ಬಂತು ಕೊನೆಯ ಆಜ್ಞೆ. ಊರು ಬಿಡಿ, ಕಡಲಿಂದ 80 ಸ್ಟೇಡಿಯಾ ದೂರದಲ್ಲಿ ಎಲ್ಲಿ ಬೇಕಾದರೂ ಮನೆ ಕಟ್ಟಿಕೊಳ್ಳಿ. ಅಂದರೆ ಕಡಲಿಂದ ಸುಮಾರು 15 ಕಿ.ಮೀ. ಒಳನಾಡಿನಲ್ಲಿ. ಕಡಲು ನಿಮ್ಮ ತಲೆ ಕೆಡಿಸಿದೆ, ಬೇಸಾಯ ಮಾಡಿಕೊಂಡು ನೆಮ್ಮದಿಯಾಗಿರಿ ಅಂತ ರೋಮಿನ ಕಾನ್ಸಲ್ (ಅತ್ಯುನ್ನತ ಅಧಿಕಾರಿ) ಸೆನ್ಸೊರಿನಸ್ ಬುದ್ಧಿ ಹೇಳಿದ್ದನ್ನು ಇತಿಹಾಸಕಾರ ಅಪ್ಪಿಯನ್ ಬರೆದಿದ್ದಾನೆ. ಆಯುಧ ಕೊಟ್ಟ ಜನ ಈ ಮಾತಿಗೆ ಮಾತ್ರ ಒಪ್ಪಲಿಲ್ಲ. ಬಾಗಿಲು ಹಾಕಿಕೊಂಡು ಮೂರು ವರ್ಷ ಹೋರಾಡಿದರು. ಕವಣೆಯಂತ್ರಗಳ ಹಗ್ಗಕ್ಕೆ ಹೆಂಗಸರು ತಲೆಗೂದಲು ಕತ್ತರಿಸಿ ಕೊಟ್ಟರು. ಹೇಡಿ ವ್ಯಾಪಾರಿಗಳ ಲಕ್ಷಣವೇ ಇದು? ಸೈನ್ಯ ಕಿತ್ತುಕೊಂಡರೂ ಬಂದರಿನಿಂದಲೇ ಚೇತರಿಸಿಕೊಂಡ ಊರದು. ರೋಮಿಗೆ ಆ ಬಂದರೇ ಜಾಸ್ತಿ ಭಯ ಹುಟ್ಟಿಸಿತ್ತು.

ಇದೇ ಕೆಲಸವನ್ನು ರೋಮ್ ಕತ್ತಿ ಎತ್ತದೆಯೂ ಮಾಡಿದೆ. ಗ್ರೀಕರ ರೋಡ್ಸ್ ದ್ವೀಪದವರು ರೋಮಿನ ಹಳೆಯ ಸ್ನೇಹಿತರು. ಮ್ಯಾಸಿಡೋನಿಯಾ ಯುದ್ಧದಲ್ಲಿ ನಡುವೆ ನಿಂತು ಸಂಧಿ ಮಾಡಿಸಲು ಹೋದದ್ದೇ ಅವರ ತಪ್ಪಾಯಿತು. ಕ್ರಿ.ಪೂ. 166ರ ಸುಮಾರಿಗೆ ರೋಮ್ ಡೆಲೋಸ್ ದ್ವೀಪವನ್ನು ಸುಂಕವಿಲ್ಲದ ಬಂದರು ಮಾಡಿತು. ಹಡಗುಗಳೆಲ್ಲ ಆ ಕಡೆ ತಿರುಗಿದವು. ರೋಡ್ಸಿನ ಬಂದರು ವರಮಾನ 10 ಲಕ್ಷ ಡ್ರಾಕ್ಮಾದಿಂದ ಒಂದೂವರೆ ಲಕ್ಷಕ್ಕೆ ಇಳಿಯಿತು ಎಂದು ಪಾಲಿಬಿಯಸ್ ಲೆಕ್ಕ ಕೊಡುತ್ತಾನೆ. ಕಡಲ್ಗಳ್ಳರನ್ನು ಹದ್ದುಬಸ್ತಿನಲ್ಲಿಟ್ಟಿದ್ದು ಅದೇ ರೋಡ್ಸಿನ ನೌಕಾಪಡೆ. ಹಣವಿಲ್ಲದೆ ಅದೂ ಸೊರಗಿತು. ಕಳ್ಳರು ಕೊಬ್ಬಿ ರೋಮಿಗೆ ಹೋಗುವ ಧಾನ್ಯದ ಹಡಗುಗಳಿಗೇ ಕೈ ಹಾಕಿದರು. ಕೊನೆಗೆ ಕ್ರಿ.ಪೂ. 67ರಲ್ಲಿ ಸೇನಾಪತಿ ಪಾಂಪೆಗೆ ಇಡೀ ಮೆಡಿಟರೇನಿಯನ್ ಕಡಲಿನ ಅಧಿಕಾರ ಕೊಟ್ಟು ಅವರನ್ನು ಹಿಡಿಯಲು ಕಳಿಸಬೇಕಾಯಿತು. ಪುರವಣಿಯಲ್ಲಿ ಮುಂದೆ ಜಾಗ ಸಿಕ್ಕರೆ ರೋಡ್ಸ್ ಬಗ್ಗೆಯೂ ಬರೆಸಿ.

ಇಂತಿ,
ನಿವೃತ್ತ ಇತಿಹಾಸ ಶಿಕ್ಷಕ, ಕುಮಟಾ