ಪೇಟೆಗೆ ಕಲ್ಲು ಹಾಸಿದರೆ ಸಾಲದು, ಜನ ಬರುವ ದಿನವೊಂದು ಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಿನ ಹಳೆಯ ಪೇಟೆ ಪ್ರದೇಶಕ್ಕೆ ಮರುಜೀವ ಕೊಡಬೇಕೆಂಬ ಮಾತು ಈಚೆಗೆ ಮತ್ತೆ ಕೇಳಿಬರುತ್ತಿದೆ. ಬಳೇಪೇಟೆಯ ಬಳಿ ಮದುವೆ ಪತ್ರಿಕೆಗಳ ಅಂಗಡಿ ಇಟ್ಟುಕೊಂಡು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಈ ಬೀದಿಗಳಲ್ಲೇ ಕಳೆದ ನನಗೆ ಈ ವಿಷಯದಲ್ಲಿ ಹೇಳಬೇಕಾದ ಮಾತೊಂದಿದೆ. ಕಲ್ಲು, ಕೊಳವೆ, ದೀಪದ ಕಂಬಗಳಿಗೆ ಹಣ ಒದಗಿಸುವ ಯೋಜನೆಗಳು ಬರುತ್ತವೆ, ಹೋಗುತ್ತವೆ. ಆದರೆ ಕೆಲಸ ಮುಗಿದ ಮೇಲೆ ಆ ಬೀದಿಗೆ ಜನರು ಯಾವ ದಿನ, ಯಾವ ಕಾರಣಕ್ಕೆ ಬರಬೇಕು, ಬಂದವರು ಎಲ್ಲಿ ಕೂರಬೇಕು ಎಂಬುದನ್ನು ಯಾರೂ ಕಾಗದದ ಮೇಲೆ ಬರೆದಿರುವುದಿಲ್ಲ.

ಮಹಾನಗರದ ನಡುವೆ ಇದ್ದರೂ ಪೇಟೆ ನಿಜಕ್ಕೂ ಒಂದು ಚಿಕ್ಕ ಊರು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಮಣ್ಣಿನ ಕೋಟೆಯೊಳಗಿನ ಈ ಊರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಈಗಲೂ ಅರ್ಧ ಗಂಟೆಯಲ್ಲಿ ನಡೆದು ಮುಗಿಸಬಹುದು, ದಾರಿ ಬಿಟ್ಟರೆ ಎಂಬುದಷ್ಟೇ ಷರತ್ತು. ಅಕ್ಕಿಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ ಎಂದು ಯಾರು ಯಾವ ಕಸುಬಿನವರು, ಎಲ್ಲಿ ಏನು ಸಿಗುತ್ತದೆ ಎಂಬುದನ್ನು ಹೆಸರಿನಲ್ಲೇ ಹೇಳಿಬಿಡುವ ಬೀದಿಗಳಿವು. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟಿನ ಮನೆಗಳನ್ನು ಖಾಲಿ ಮಾಡಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಅನುಕೂಲಸ್ಥರು ಮನೆಯನ್ನು ಅತ್ತ ಸಾಗಿಸಿದರು, ಅಂಗಡಿಯನ್ನು ಇಲ್ಲೇ ಉಳಿಸಿಕೊಂಡರು. ಆಗಿನಿಂದ ಪೇಟೆಯದು ಹಗಲಿನ ಬಾಳು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೀದಿದೀಪ ಕಂಡ ಪ್ರದೇಶದಲ್ಲಿ ಇಂದು ರಾತ್ರಿ ಒಂಬತ್ತರ ನಂತರ ಬಾಗಿಲು ಹಾಕಿದ ಶಟರ್‌ಗಳ ಸಾಲಷ್ಟೇ ಕಾಣುತ್ತದೆ.

ನಾನು ಅಂಗಡಿಗೆ ಕೂತ ದಿನಗಳಲ್ಲಿ ಒಂದು ಮದುವೆ ಎಂದರೆ ಪೇಟೆಗೆ ಕನಿಷ್ಠ ಮೂರು ಬಾರಿ ಬರುವುದೆಂದು ಅರ್ಥ. ಮೊದಲ ಸಲ ಚಿಕ್ಕಪೇಟೆಯಲ್ಲಿ ಜವಳಿ, ನಗರ್ತಪೇಟೆಯಲ್ಲಿ ಒಡವೆ. ಎರಡನೆಯ ಸಲ ಪಾತ್ರೆ, ಬಳೆ, ನಮ್ಮಲ್ಲಿ ಲಗ್ನಪತ್ರಿಕೆ. ಮದುವೆಯ ಹಿಂದಿನ ದಿನ ಬೆಳಗಿನ ಜಾವ ಕೆ.ಆರ್. ಮಾರುಕಟ್ಟೆಯಲ್ಲಿ ಹೂವು. ತುಮಕೂರು, ಕೋಲಾರ, ಮಾಗಡಿಯ ಕಡೆಯಿಂದ ಹತ್ತು ಹನ್ನೆರಡು ಜನರ ಕುಟುಂಬ ಬಂದು, ಅಕ್ಷರ ಜೋಡಣೆ ತಿದ್ದುವಷ್ಟರಲ್ಲಿ ಅಜ್ಜಿಯರು ನಮ್ಮ ಅಂಗಡಿಯ ಜಗಲಿಯ ಮೇಲೆ ಕಾಲು ಚಾಚಿ ಕೂತು ಊರಿನ ಸುದ್ದಿ ಹೇಳುತ್ತಿದ್ದರು. ಈಗ ಲಗ್ನಪತ್ರಿಕೆ ವಾಟ್ಸಾಪ್‌ನಲ್ಲಿ ಹೋಗುತ್ತದೆ. ದೇವರ ಮುಂದಿಡಲು ಮತ್ತು ಹತ್ತಿರದ ನೆಂಟರಿಗೆ ಕೊಡಲು ಐವತ್ತು ಪ್ರತಿ ಅಚ್ಚು ಹಾಕಿಸಿದರೆ ಹೆಚ್ಚು. ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ, ಕಾಲ ಹಾಗಿದೆ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಪೇಟೆಯಲ್ಲಿ ಸಗಟು ವ್ಯಾಪಾರ ಇವತ್ತಿಗೂ ನಡೆಯುತ್ತಿದೆ, ಹಮಾಲಿಗಳ ಬೆನ್ನಿನ ಮೇಲಿನ ಮೂಟೆ ಇಳಿದಿಲ್ಲ. ಕಡಿಮೆಯಾಗಿರುವುದು ಕುಟುಂಬ ಸಮೇತ ಬರುವವರು, ಅದರಲ್ಲೂ ಮಕ್ಕಳನ್ನು ಎತ್ತಿಕೊಂಡ ಹೆಂಗಸರು ಮತ್ತು ವಯಸ್ಸಾದವರು. ಏಕೆ ಬರುವುದಿಲ್ಲ ಎಂದು ನಾನು ಕೇಳಿದವರಲ್ಲಿ ಹೆಚ್ಚಿನವರು ಬೆಲೆಯ ಮಾತನ್ನಾಗಲಿ ಮಾಲ್‌ಗಳ ಮಾತನ್ನಾಗಲಿ ಎತ್ತಲಿಲ್ಲ. ಶೌಚಾಲಯಕ್ಕೆ ಎಲ್ಲಿ ಹೋಗುವುದು, ದಣಿದರೆ ಎಲ್ಲಿ ಕೂರುವುದು ಎಂದು ತಿರುಗಿ ಕೇಳಿದರು.

ಸಾರ್ವಜನಿಕ ಹಣದ ಬಗ್ಗೆ ಮಾತನಾಡುವಾಗ ಎಲ್ಲರೂ ಎಂ.ಜಿ. ರಸ್ತೆಯ ಪಕ್ಕದ ಚರ್ಚ್ ಸ್ಟ್ರೀಟನ್ನು ಉದಾಹರಿಸುತ್ತಾರೆ. 2018ರಲ್ಲಿ ಹೊಸ ರೂಪ ಪಡೆದ ಆ ರಸ್ತೆ ನಿಜಕ್ಕೂ ಒಳ್ಳೆಯ ಪ್ರಯೋಗ. ಪಾದಚಾರಿ ಮಾರ್ಗವನ್ನು ಅಗಲಗೊಳಿಸಿ, ಕೇಬಲ್ಲು ಕೊಳವೆಗಳನ್ನು ಅದರ ಕೆಳಗೆ ವ್ಯವಸ್ಥಿತವಾಗಿ ಇಳಿಸಿ, ಪ್ರತಿಯೊಂದು ಇಲಾಖೆಯೂ ಬಂದು ರಸ್ತೆ ಅಗೆಯುವ ಅಗತ್ಯವೇ ಇಲ್ಲದಂತೆ ಮಾಡುವುದು ಅಲ್ಲಿನ ವಿನ್ಯಾಸದ ತಿರುಳು. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಅಲ್ಲಿ ವಾಹನಗಳನ್ನು ನಿಲ್ಲಿಸಿದಾಗ ಜನ ರಸ್ತೆಯ ನಡುವೆ ನಿಶ್ಚಿಂತೆಯಿಂದ ನಡೆದಾಡಿದ್ದನ್ನು ನಾನೂ ಹೋಗಿ ನೋಡಿದ್ದೇನೆ. ಆದರೆ ಅಲ್ಲಿರುವುದು ಕಾಫಿ, ಪುಸ್ತಕ, ಊಟದ ವ್ಯಾಪಾರ. ಇಲ್ಲಿ ಒಂದೊಂದು ಅಂಗಡಿಗೂ ದಿನಕ್ಕೆ ಹಲವು ಬಾರಿ ಬಟ್ಟೆಯ ಬೇಲ್, ಕಾಗದದ ರೀಮು, ತಾಮ್ರದ ಸುರುಳಿ ಇಳಿಯಬೇಕು. ಚರ್ಚ್ ಸ್ಟ್ರೀಟಿನ ನಕ್ಷೆಯನ್ನು ಹಾಗೆಯೇ ತಂದು ಮಾಮೂಲ್‌ಪೇಟೆಯ ಮೇಲೆ ಹಾಸಿದರೆ ಮೊದಲ ವಾರವೇ ಕಲ್ಲು ಕಿತ್ತುಬರುತ್ತದೆ, ಎರಡನೆಯ ವಾರ ಹಮಾಲಿಗಳು ಮುಷ್ಕರ ಹೂಡುತ್ತಾರೆ.

ದೆಹಲಿಯ ಚಾಂದನಿ ಚೌಕದ ಅನುಭವ ನಮಗೆ ಇದಕ್ಕಿಂತ ಹತ್ತಿರದ್ದು. ಅದೂ ಸಗಟು ವ್ಯಾಪಾರದ ಹಳೆಯ ಪೇಟೆಯೇ. ಕೆಂಪುಕೋಟೆಯ ಕಡೆಯಿಂದ ಫತೇಪುರಿ ಮಸೀದಿಯವರೆಗಿನ ಮುಖ್ಯರಸ್ತೆಯನ್ನು 2021ರಲ್ಲಿ ನವೀಕರಿಸಿ, ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನಗಳನ್ನು ನಿಷೇಧಿಸಲಾಯಿತು. ಸರಕು ಇಳಿಸುವ ಕೆಲಸ ರಾತ್ರಿಗೆ ಹೋಯಿತು. ಕಾವಲು ಸಡಿಲವಾದಾಗಲೆಲ್ಲ ವಾಹನಗಳು ಮತ್ತೆ ನುಗ್ಗುತ್ತವೆ ಎಂಬ ದೂರು ಅಲ್ಲಿಂದಲೂ ಬಂದಿದೆ. ರಸ್ತೆ ಕಟ್ಟುವುದಕ್ಕೆ ಇಟ್ಟಷ್ಟೇ ಗಮನವನ್ನು ಅದನ್ನು ಕಾಯುವುದಕ್ಕೂ ಇಡಬೇಕೆಂಬುದನ್ನು ನಾವು ಅಲ್ಲಿಂದ ಕಲಿಯಬಹುದು.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯಲ್ಲೂ ಕಾಮಗಾರಿಯೊಂದು ನಡೆಯಿತು. ಅಗೆದ ಹಳ್ಳ ಒಂದು ಇಡೀ ಮದುವೆಯ ಋತುವನ್ನು ನುಂಗಿತು. ಅಂಗಡಿಗೆ ಬರುವವರು ಹಲಗೆಯ ಮೇಲೆ ಕಾಲಿಟ್ಟು ದಾಟಬೇಕಾಗಿತ್ತು, ಮಳೆ ಬಂದ ದಿನ ಅದೂ ಇರುತ್ತಿರಲಿಲ್ಲ. ಕೆಲಸ ಎಂದು ಮುಗಿಯುತ್ತದೆ ಎಂದು ಕೇಳಿದರೆ ಸ್ಥಳದಲ್ಲಿದ್ದವರು ಮೇಲಿನವರನ್ನು ಕೇಳಿ ಎನ್ನುತ್ತಿದ್ದರು, ಮೇಲಿನವರು ಸ್ಥಳದಲ್ಲಿದ್ದವರನ್ನು. ಪಕ್ಕದ ಬ್ಯಾಗಿನ ಅಂಗಡಿಯವರು ಆ ವರ್ಷವೇ ಬಾಗಿಲು ಹಾಕಿ ನಾಗರಬಾವಿಯ ಕಡೆ ಹೋದರು. ಪೇಟೆಯಲ್ಲಿ ಇನ್ನು ಮುಂದೆ ಯಾವುದೇ ಕಾಮಗಾರಿ ಆರಂಭವಾದರೂ ಅದು ಮುಗಿಯುವ ದಿನಾಂಕವನ್ನು, ಜವಾಬ್ದಾರಿ ಹೊತ್ತ ಎಂಜಿನಿಯರ್ ಸಿಗುವ ಜಾಗವನ್ನು ಬೀದಿಯ ತುದಿಯಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕು, ಮತ್ತು ಒಂದು ಬೀದಿ ಮುಗಿದ ಮೇಲಷ್ಟೇ ಮುಂದಿನದನ್ನು ಅಗೆಯಬೇಕು ಎಂಬುದು ವ್ಯಾಪಾರಿಗಳ ಕನಿಷ್ಠ ಬೇಡಿಕೆ.

ಹಣವನ್ನು ಮೊದಲು ಎಲ್ಲಿ ಹಾಕಬೇಕೆಂದು ಕೇಳಿದರೆ ನನ್ನ ಉತ್ತರದಲ್ಲಿ ಕಣ್ಣಿಗೆ ಅಂದವಾಗಿ ಕಾಣುವಂಥದ್ದೇನೂ ಇಲ್ಲ. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಜೀವಹಾನಿಯಾದುದನ್ನು ಪೇಟೆಯವರು ಯಾರೂ ಮರೆತಿಲ್ಲ. ಅಗ್ನಿಶಾಮಕ ವಾಹನ ಒಳಬರಲಾಗದ ಗಲ್ಲಿಗಳಲ್ಲಿ ಬೆಂಕಿ ಆರಿಸುವ ನೀರಿನ ವ್ಯವಸ್ಥೆ, ಜೋತುಬಿದ್ದ ತಂತಿಗಳನ್ನು ನೆಲದೊಳಗೆ ಇಳಿಸುವುದು, ಮಳೆನೀರಿನ ಚರಂಡಿ, ಸ್ವಚ್ಛವಾದ ಶೌಚಾಲಯ, ಇವು ಆದ ಮೇಲೆ ಅಲಂಕಾರದ ದೀಪಗಳ ಮಾತು. ಚಿಕ್ಕಪೇಟೆ ಮತ್ತು ಕೆ.ಆರ್. ಮಾರುಕಟ್ಟೆಯ ಮೆಟ್ರೊ ನಿಲ್ದಾಣಗಳು 2017ರ ಜೂನ್‌ನಿಂದ ಕೆಲಸ ಮಾಡುತ್ತಿವೆ. ಕೆಳಗೆ ಅಷ್ಟು ಅಚ್ಚುಕಟ್ಟಾಗಿ ಬಂದಿಳಿದ ಪ್ರಯಾಣಿಕ ಮೆಟ್ಟಿಲು ಹತ್ತಿ ಮೇಲೆ ಬಂದ ಕೂಡಲೇ ದ್ವಿಚಕ್ರ ವಾಹನಗಳ ನಡುವೆ ಅಡ್ಡಡ್ಡವಾಗಿ ನುಸುಳಬೇಕಾಗುತ್ತದೆ. ಈ ಎರಡು ನಿಲ್ದಾಣಗಳ ನಡುವೆ ನೆರಳಿರುವ, ಅಡ್ಡಿಯಿಲ್ಲದ ಒಂದು ಕಾಲುದಾರಿ ಮಾಡಿಕೊಟ್ಟರೆ ಪೇಟೆಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಇನ್ನು ಜನ ಸೇರುವ ವಿಷಯ. ಇದರಲ್ಲಿ ನಾವು ಹೊರಗಿನಿಂದ ಕಲಿಯಬೇಕಾದುದು ಕಡಿಮೆ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಟರೆ ಬೆಳಗಾಗುವವರೆಗೆ ಪೇಟೆ ಕಣ್ಣು ಮುಚ್ಚುವುದಿಲ್ಲ. ಕರಗವು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಒಂದು ರಾತ್ರಿ ಇದೇ ಇಕ್ಕಟ್ಟಿನ ಬೀದಿಗಳಲ್ಲಿ ಲಕ್ಷಾಂತರ ಜನ ನಡೆಯುತ್ತಾರೆ, ಅಂಗಡಿಯವರು ಮಜ್ಜಿಗೆ ಪಾನಕ ಹಂಚುತ್ತಾರೆ, ಕಸ ಮರುದಿನ ಮಧ್ಯಾಹ್ನದೊಳಗೆ ಎತ್ತಿ ಹೋಗುತ್ತದೆ. ವರ್ಷಕ್ಕೊಮ್ಮೆ ಸಾಧ್ಯವಾಗುವುದು ತಿಂಗಳಿಗೊಮ್ಮೆ, ಅದರ ನೂರರಲ್ಲಿ ಒಂದು ಪಾಲಿನಷ್ಟಾದರೂ ಏಕೆ ಸಾಧ್ಯವಾಗಬಾರದು? ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನೇ ನೋಡಿ. ಕಾರ್ತಿಕದ ಕೊನೆಯ ಸೋಮವಾರ ಎಂಬ ಗಟ್ಟಿ ದಿನವೊಂದಿರುವುದರಿಂದಲೇ ರೈತ ಕಾಯಿ ಕಿತ್ತು ತರುತ್ತಾನೆ, ಗಿರಾಕಿ ಚೀಲ ಹಿಡಿದು ಬರುತ್ತಾನೆ, ಯಾರಿಗೂ ಜಾಹೀರಾತು ಬೇಕಾಗುವುದಿಲ್ಲ. ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆ ಬರಿಯ ರಸ್ತೆಯಾಗಿ ಉಳಿಯುವುದಿಲ್ಲ.

ನನ್ನ ಸಲಹೆ ಇಷ್ಟು. ಪ್ರತಿ ತಿಂಗಳ ಒಂದು ನಿರ್ದಿಷ್ಟ ಭಾನುವಾರ, ಮೈಸೂರು ಬ್ಯಾಂಕ್ ವೃತ್ತದಿಂದ ಕೆ.ಆರ್. ಮಾರುಕಟ್ಟೆಯವರೆಗಿನ ಅವೆನ್ಯೂ ರಸ್ತೆಯನ್ನು ವಾಹನಗಳಿಗೆ ಮುಚ್ಚಿ ಜನರಿಗೆ ಬಿಟ್ಟುಕೊಡಲಿ. (ಬ್ಯಾಂಕಿನ ಹೆಸರು 2017ರಲ್ಲಿ ಫಲಕದಿಂದ ಹೋದರೂ ವೃತ್ತದ ಹೆಸರು ಜನರ ಬಾಯಲ್ಲಿ ಉಳಿದಿದೆ. ಅವೆನ್ಯೂ ರಸ್ತೆಯ ಹಳೆಯ ಹೆಸರಾದ ದೊಡ್ಡಪೇಟೆಯೂ ಆ ದಿನದ ನೆಪದಲ್ಲಿ ಮರಳಿ ಬಂದರೆ ಸಂತೋಷ.) ಭಾನುವಾರ ಸಗಟು ಅಂಗಡಿಗಳಲ್ಲಿ ಹಲವು ಮುಚ್ಚಿರುವುದರಿಂದ ವ್ಯಾಪಾರಕ್ಕೆ ಪೆಟ್ಟು ಕಡಿಮೆ. ಹಳೆಯ ಪುಸ್ತಕದವರು ಹೇಗೂ ಇದ್ದಾರೆ, ಅವರಿಗೆ ಸಾಲಾಗಿ ಜಾಗ ಗುರುತು ಮಾಡಿಕೊಟ್ಟರೆ ಸಾಕು. ಬಳೇಪೇಟೆಯಲ್ಲಿ ವೀಣೆ, ತಬಲ, ಕೊಳಲು ಮಾರುವವರೂ ರಿಪೇರಿ ಮಾಡುವವರೂ ಇದ್ದಾರೆ, ಅವರ ಅಂಗಡಿಗಳ ಮುಂದೆಯೇ ಹುಡುಗರು ಕೂತು ನುಡಿಸಲಿ. ಟಿಪ್ಪುವಿನ ಬೇಸಿಗೆ ಅರಮನೆ, ಕೋಟೆ ವೆಂಕಟರಮಣ ದೇವಸ್ಥಾನ, ಕೆಂಪೇಗೌಡರ ಎತ್ತುಗಳು ನೇಗಿಲು ಹೂಡಿ ಹೊರಟವೆಂದು ಹೇಳುವ ದೊಡ್ಡಪೇಟೆ–ಚಿಕ್ಕಪೇಟೆ ಕೂಡುರಸ್ತೆ, ಶಾಸನಗಳನ್ನು ಹುಡುಕಿ ಪ್ರಕಟಿಸಿದ ಬಿ.ಎಲ್. ರೈಸ್ ಅವರ ತಂದೆಯ ನೆನಪಿನ ಚರ್ಚು, ಎಲ್ಲವೂ ನಡಿಗೆಯ ಅಳತೆಯೊಳಗೇ ಇವೆ. ಇವನ್ನು ತೋರಿಸಿ ವಿವರಿಸುವ ಕೆಲಸವನ್ನು ಸುತ್ತಲಿನ ಕಾಲೇಜುಗಳ ಇತಿಹಾಸದ ವಿದ್ಯಾರ್ಥಿಗಳಿಗೆ ವಹಿಸಬಹುದು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಉತ್ಸವವೆಂದ ಕೂಡಲೇ ನಮ್ಮಲ್ಲಿ ಶಾಮಿಯಾನ, ಧ್ವನಿವರ್ಧಕ, ಎರಡು ಗಂಟೆ ತಡವಾಗಿ ಬರುವ ಅತಿಥಿ, ಆಮೇಲೆ ಮುಗಿಯದ ಸನ್ಮಾನ ಎಂದಾಗಿಬಿಟ್ಟಿದೆ. ದಯವಿಟ್ಟು ಇಲ್ಲಿ ವೇದಿಕೆಯೇ ಬೇಡ. ಆ ಹಣದಲ್ಲಿ ಕುಡಿಯುವ ನೀರು, ಕೂರಲು ಬೆಂಚು, ಸಂಚಾರಿ ಶೌಚಾಲಯ ಒದಗಿಸಿದರೆ ಜನ ತಾವಾಗಿಯೇ ಬರುತ್ತಾರೆ. ಮೊದಲ ಎರಡು ತಿಂಗಳು ಜನ ಕಡಿಮೆ ಬಂದರೆಂದು ಕೈಬಿಡುವುದೂ ಬೇಡ. ಕನಿಷ್ಠ ಒಂದು ವರ್ಷ ಅದೇ ದಿನ, ಅದೇ ಜಾಗದಲ್ಲಿ ನಡೆದರೆ ಮಾತ್ರ ಅದು ಮನೆಮನೆಯ ಲೆಕ್ಕಕ್ಕೆ ಬರುತ್ತದೆ.

ಬೀದಿಬದಿ ವ್ಯಾಪಾರಿಗಳನ್ನು ಎಬ್ಬಿಸಿ ರಸ್ತೆಯನ್ನು ಚೆಂದ ಮಾಡುವುದು ಸುಲಭ. ಆದರೆ ಬೀದಿಬದಿ ವ್ಯಾಪಾರಿಗಳಿಗೆಂದೇ ಇರುವ 2014ರ ಕೇಂದ್ರ ಕಾಯ್ದೆಯ ಪ್ರಕಾರ, ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಪೇಟೆಯ ಯೋಜನೆ ಆ ಸಮಿತಿಯ ಮುಂದೆ ಬರಲೇಬೇಕು. ಬಾಡಿಗೆಯ ಪ್ರಶ್ನೆಯೂ ಇದೆ. ಬೀದಿ ಸುಧಾರಿಸಿದ ಮರುವರ್ಷವೇ ಮಾಲೀಕರು ಬಾಡಿಗೆ ಏರಿಸಿ, ಕೊಳಲು ಮಾಡುವವನ ಮಳಿಗೆಯಲ್ಲಿ ಮೊಬೈಲ್ ಕವರ್ ತೂಗುಬಿಟ್ಟರೆ ಜನರನ್ನು ಕರೆದು ತೋರಿಸಲು ನಮ್ಮಲ್ಲಿ ಏನು ಉಳಿಯುತ್ತದೆ? ಹಳೆಯ ಕಸುಬಿನ ಅಂಗಡಿ ಇಟ್ಟುಕೊಂಡ ಕಟ್ಟಡಗಳಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುವುದನ್ನು ಸರ್ಕಾರ ಪರಿಶೀಲಿಸಬೇಕು.

2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ, ಅಹವಾಲು ಹೇಳಿಕೊಳ್ಳಲು ಒಂದು ಬಾಗಿಲೂ ಇಲ್ಲದಂತೆ ನಾವು ದಿನ ದೂಡಿದ್ದೇವೆ. 2025ರ ಸೆಪ್ಟೆಂಬರ್‌ನಲ್ಲಿ ನಗರ ಐದು ಪಾಲಿಕೆಗಳಾಗಿ, ಪೇಟೆಯು ಕೇಂದ್ರ ನಗರ ಪಾಲಿಕೆಗೆ ಸೇರಿದೆ. ಹೊಸ ಪಾಲಿಕೆಯು ಪೇಟೆಗೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಿ, ಕಾಮಗಾರಿ, ನಿರ್ವಹಣೆ, ಭಾನುವಾರದ ಏರ್ಪಾಡು ಮೂರನ್ನೂ ಅವರ ಕೈಗೇ ಕೊಡಲಿ. ನಿರ್ವಹಣೆಯ ಹಣ ಪ್ರತಿ ವರ್ಷದ ಬಜೆಟ್ಟಿನಲ್ಲಿ ಬೇರೆಯಾಗಿಯೇ ಕಾಣಲಿ.

ವ್ಯಾಪಾರಿಗಳಿಂದಲೂ ಏನಾದರೂ ಆಗಬೇಕಲ್ಲ ಎಂದು ಕೇಳಿದರೆ ಅದು ನ್ಯಾಯವೇ. ನಮ್ಮ ಸಾಲಿನ ಏಳು ಅಂಗಡಿಯವರು ಕೂತು ಮಾತನಾಡಿದ್ದೇವೆ. ಅಂಥ ಭಾನುವಾರ ಗೊತ್ತಾದರೆ ಆ ದಿನ ನಮ್ಮ ನಮ್ಮ ಅಂಗಡಿಗಳ ಶೌಚಾಲಯಗಳನ್ನು ಹೆಂಗಸರಿಗೆ, ವಯಸ್ಸಾದವರಿಗೆ ತೆರೆದಿಡುತ್ತೇವೆ, ಜಗಲಿಯ ಮೇಲಿನ ಸರಕನ್ನು ಒಳಗಿಟ್ಟು ಚಾಪೆ ಹಾಸುತ್ತೇವೆ. ದಿನವನ್ನು ಮಾತ್ರ ಪಾಲಿಕೆಯವರು ಗೊತ್ತು ಮಾಡಿ ತಿಳಿಸಬೇಕು.

ಇತಿ,
ಬಳೇಪೇಟೆಯ ಒಬ್ಬ ವ್ಯಾಪಾರಿ, ಬೆಂಗಳೂರು