ನಿಂತಲ್ಲೇ ಕಳೆದ 52 ನಿಮಿಷ

ಮಾನ್ಯ ಸಂಪಾದಕರೇ,

ಹವ್ಯಾಸಿ ಸೈಕಲ್ ಸವಾರರು ದೂರದ ಬೆಟ್ಟದ ಸ್ಪರ್ಧೆಗೆ ಅಣಿಯಾಗುವುದು ಹೇಗೆ ಎಂಬ ಲೇಖನವನ್ನು ಕಳೆದ ಭಾನುವಾರದ ನಿಮ್ಮ ಕ್ರೀಡಾ ಪುರವಣಿಯಲ್ಲಿ ಓದಿದೆ. ಅರ್ಧ ಪುಟ ಸೈಕಲ್ಲಿನ ತೂಕ ಇಳಿಸುವುದಕ್ಕೆ ಹೋಗಿದೆ, ಉಳಿದರ್ಧ ವಾರಕ್ಕೆ ಎಷ್ಟು ಕಿಲೋಮೀಟರ್ ತುಳಿಯಬೇಕು ಎಂಬುದಕ್ಕೆ. ಪಂಕ್ಚರ್ ಎಂಬ ಪದ ಒಂದು ಕಡೆಯೂ ಇಲ್ಲ. ಪೆನ್ನು ಹಿಡಿದು ಎರಡು ಸಲ ಹುಡುಕಿದ ಮೇಲೆಯೇ ಈ ಪತ್ರ ಬರೆಯುತ್ತಿದ್ದೇನೆ.

ನನಗೆ 51 ವರ್ಷ. ಲೆಕ್ಕಪತ್ರ ಬರೆಯುವುದು ಕಸುಬು. ಕಳೆದ ವರ್ಷ ಇಂಥದೇ ಲೇಖನಗಳನ್ನು ನಂಬಿ 100 ಕಿಲೋಮೀಟರಿನ ಬೆಟ್ಟದ ಸ್ಪರ್ಧೆಯೊಂದಕ್ಕೆ ಏಳು ತಿಂಗಳು ತಯಾರಿ ನಡೆಸಿದ್ದೆ. ಮೂರನೆಯ ತಪಾಸಣಾ ಸ್ಥಳವನ್ನು ತಲುಪಿದಾಗ ಗಡುವು ಮುಗಿದು ನಾಲ್ಕು ನಿಮಿಷವಾಗಿತ್ತು. ಸ್ವಯಂಸೇವಕಿಯೊಬ್ಬಳು ಬಹಳ ವಿನಯದಿಂದ ಹ್ಯಾಂಡಲ್ಲಿಗೆ ಕಟ್ಟಿದ್ದ ನನ್ನ ಸಂಖ್ಯೆಯ ಫಲಕವನ್ನು ಕತ್ತರಿಸಿ ತೆಗೆದಳು. ನನ್ನ ಮಗಳ ವಯಸ್ಸಿನವಳು. ಅವಳೊಡನೆ ಜಗಳವಾಡುವ ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ.

ಆಗಿದ್ದು ಇಷ್ಟು. 43ನೆಯ ಕಿಲೋಮೀಟರಿನ ಇಳಿಜಾರಿನಲ್ಲಿ ಹಿಂದಿನ ಟೈರಿಗೆ ಚೂಪು ಕಲ್ಲು ಬಡಿಯಿತು. ನನ್ನದು ಟ್ಯೂಬ್‌ಲೆಸ್ ಟೈರು. ಒಳಗೆ ಹಾಲಿನಂಥ ಸೀಲಂಟ್ ದ್ರವ ಇರುತ್ತದೆ, ತೂತಾದರೆ ಅದು ಅಲ್ಲೇ ಹೆಪ್ಪುಗಟ್ಟಿ ಮುಚ್ಚುತ್ತದೆ ಎಂದು ನಿಶ್ಚಿಂತನಾಗಿದ್ದೆ. ಹೆಪ್ಪುಗಟ್ಟಿದ್ದು ನಿಜವೇ, ಆದರೆ ತಿಂಗಳುಗಳ ಹಿಂದೆಯೇ! ಟೈರು ಬಿಚ್ಚಿ ನೋಡಿದರೆ ದ್ರವದ ಹನಿಯೂ ಇಲ್ಲ. ಒಣಗಿದ ರಬ್ಬರಿನ ಚೆಂಡೊಂದು ಒಳಗೆ ಉರುಳಾಡುತ್ತಿತ್ತು. ಸೀಲಂಟ್ ಕೆಲವೇ ತಿಂಗಳಲ್ಲಿ ಆರುತ್ತದೆ, ಬಿಸಿಲು ಕಾಲದಲ್ಲಿ ಇನ್ನೂ ಬೇಗ ಎಂದು ಅದರ ಬಾಟಲಿಯ ಮೇಲೆಯೇ ಬರೆದಿತ್ತು. ಅದನ್ನು ಓದಿದ್ದು ಸ್ಪರ್ಧೆಯಿಂದ ಮನೆಗೆ ಬಂದ ಮೇಲೆ.

ಹೋಗಲಿ, ಚೀಲದಲ್ಲಿ ಟ್ಯೂಬ್ ಇತ್ತು. ಅದನ್ನು ಹಾಕಬೇಕಾದರೆ ಮೊದಲು ಹಳೆಯ ವಾಲ್ವ್ ಹೊರಗೆ ಬರಬೇಕು. ಅದರ ಪುಟ್ಟ ನಟ್ಟು ಸೀಲಂಟಿನ ಅಂಟಿನಿಂದ ಕಲ್ಲಿನಂತೆ ಕಚ್ಚಿಕೊಂಡಿತ್ತು. ಬೆರಳಿನಿಂದ ತಿರುಗಿಸಿದೆ, ಬಟ್ಟೆ ಸುತ್ತಿ ತಿರುಗಿಸಿದೆ, ಕೊನೆಗೆ, ಹೇಳಲು ನಾಚಿಕೆ, ಹಲ್ಲಿನಿಂದ ಕಚ್ಚಿಯೂ ನೋಡಿದೆ. ನನ್ನ ಪಕ್ಕದಿಂದ ಸವಾರರು ಒಬ್ಬೊಬ್ಬರಾಗಿ ಇಳಿದು ಹೋಗುತ್ತಿದ್ದರು. ‘ಎಲ್ಲ ಸರಿಯಿದೆಯಾ?’ ಎಂದು ಕೂಗುವರು. ‘ಸರಿಯಿದೆ’ ಎಂದು ನಾನೂ ಕೂಗುವೆ. ಏನೂ ಸರಿಯಿರಲಿಲ್ಲ. ಕೊನೆಗೆ ನನಗಿಂತ ಹಿರಿಯರೊಬ್ಬರು ಕೇಳದೆಯೇ ಸೈಕಲ್ ನಿಲ್ಲಿಸಿ, ಸೀಟಿನ ಕೆಳಗಿನ ಚೀಲದಿಂದ ಬೆರಳುದ್ದದ ಇಕ್ಕಳ ತೆಗೆದು ಕೊಟ್ಟರು. ನಟ್ಟು ಮೂರು ಸೆಕೆಂಡಿಗೆ ಕಳಚಿತು. ಆ ಚಿಕ್ಕ ಕೈಪಂಪಿನಿಂದ ಗಾಳಿ ತುಂಬಿಸಿ ಹೊರಡುವ ಹೊತ್ತಿಗೆ 31 ನಿಮಿಷ ಕಳೆದಿತ್ತು.

ಮನೆಗೆ ಬಂದು, ಕಸುಬಿನ ಚಟ ನೋಡಿ, ಕೈಗಡಿಯಾರದಲ್ಲಿ ದಾಖಲಾಗಿದ್ದನ್ನು ಹಾಳೆಯ ಮೇಲೆ ಇಳಿಸಿದೆ. ಪಂಕ್ಚರಿಗೆ 31 ನಿಮಿಷ. ತಿನ್ನಲು, ನೀರು ತುಂಬಿಸಿಕೊಳ್ಳಲು ಮೂರು ಕಡೆ ನಿಂತದ್ದು ಒಂಬತ್ತು, ಏಳು, ಐದು. ಒಟ್ಟು 52 ನಿಮಿಷ ಚಕ್ರ ಉರುಳಿಲ್ಲ. ಈಗ ಖಾತೆಯ ಇನ್ನೊಂದು ಬದಿ ನೋಡಿ. ಆ ವರ್ಷ ನಾನು ಹೊಸ ಚಕ್ರಗಳನ್ನು ಹಾಕಿಸಿ 600 ಗ್ರಾಂ ಉಳಿಸಿದ್ದೆ. ನಾನು, ಸೈಕಲ್, ನೀರು ಎಲ್ಲ ಸೇರಿ 85 ಕಿಲೋ. ಅದರಲ್ಲಿ 600 ಗ್ರಾಂ ಎಂದರೆ ಶೇಕಡ 0.7. ಕಡಿದಾದ ಏರಿನಲ್ಲಿ ಬೇಕಾಗುವ ಸಮಯ ಹೆಚ್ಚುಕಡಿಮೆ ತೂಕದ ಅನುಪಾತದಲ್ಲೇ ಇರುತ್ತದೆ. ಇಡೀ ದಿನದಲ್ಲಿ ನಾಲ್ಕು ಗಂಟೆ ಏರು ಹತ್ತಿದರೂ ಉಳಿತಾಯ ಎರಡು ನಿಮಿಷಕ್ಕಿಂತ ಕಡಿಮೆ. ಆ ಎರಡು ನಿಮಿಷಕ್ಕೆ ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಟೈರು ಬಿಚ್ಚುವುದನ್ನು ಒಂದು ಸಂಜೆಯೂ ಅಭ್ಯಾಸ ಮಾಡಿರಲಿಲ್ಲ. ಯುದ್ಧಕಾಲೇ ಶಸ್ತ್ರಾಭ್ಯಾಸ ಎನ್ನುವುದು ಇದಕ್ಕೇ.

ತೂಕದ ಮಾತು ಬಂದಾಗಲೆಲ್ಲ ನನಗೆ ನಾರ್ವೆಯ ಬಿರ್ಕೆಬೈನರ್ ಸ್ಪರ್ಧೆ ನೆನಪಾಗುತ್ತದೆ. 1206ರ ಅಂತಃಕಲಹದ ಕಾಲದಲ್ಲಿ ಇಬ್ಬರು ಯೋಧರು ಹಿಮಹಾವುಗೆ ಕಟ್ಟಿಕೊಂಡು ಹಸುಳೆ ರಾಜಕುಮಾರ ಹಾಕೊನ್‌ನನ್ನು ಹೊತ್ತು ಬೆಟ್ಟ ದಾಟಿದ್ದರಂತೆ. ಆ ನೆನಪಿಗಾಗಿ ಸ್ಪರ್ಧಿಗಳು ಬೆನ್ನಿನ ಮೇಲೆ 3.5 ಕಿಲೋ ಭಾರದ ಚೀಲ ಹೊರಬೇಕು ಎಂಬ ನಿಯಮದಿಂದಲೇ ಈ ಸ್ಪರ್ಧೆ ಹೆಸರಾಯಿತು. ಸಾವಿರಾರು ಹವ್ಯಾಸಿಗಳು ಅಷ್ಟು ಭಾರ ಹೊತ್ತು ರೆನಾದಿಂದ ಲಿಲ್ಲೆಹಾಮರ್ ತನಕ ಸೈಕಲ್ ತುಳಿದಿದ್ದಾರೆ. ನಾನು ಬಾಟಲಿ ಸಿಕ್ಕಿಸುವ ಗೂಡಿನ ತೂಕವನ್ನು ಅಡುಗೆಮನೆಯ ತಕ್ಕಡಿಯಲ್ಲಿ ನೋಡಿದವನು.

ನಿಮ್ಮ ಲೇಖಕರು ಅಮೆರಿಕದ ಲೆಡ್‌ವಿಲ್ ಸ್ಪರ್ಧೆಯನ್ನೂ ಹೊಗಳಿದ್ದಾರೆ. ಹೊಗಳಬೇಕಾದದ್ದೇ. 1994ರಿಂದ ನಡೆಯುತ್ತಿರುವ ಆ 100 ಮೈಲಿಯ ಸೈಕಲ್ ಸ್ಪರ್ಧೆ ಆರಂಭವಾಗುವುದೇ 3,000 ಮೀಟರಿಗೂ ಎತ್ತರದಲ್ಲಿ. ಅಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಆದರೆ ಲೇಖನದಲ್ಲಿ ಬಿಟ್ಟುಹೋದ ಒಂದು ಸಂಗತಿಯಿದೆ. 12 ಗಂಟೆಯೊಳಗೆ ಮುಗಿಸಿದವರಿಗೆ ಅಲ್ಲಿ ಬೆಲ್ಟಿನ ಬಕಲ್ ಕೊಡುತ್ತಾರೆ, ಆ 12 ಗಂಟೆಯಲ್ಲಿ ನಿಂತ ಸಮಯವೂ ಸೇರಿರುತ್ತದೆ. ಐದು ಕಡೆ ಐದೈದು ನಿಮಿಷ ನಿಂತರೆ 25 ನಿಮಿಷ ಹೋಯಿತು. ಅದನ್ನು ತುಳಿದು ಹಿಂದಕ್ಕೆ ಗಳಿಸಲು ಎಂಥ ಕಾಲು ಬೇಕೆಂದು ತುಳಿದವರೇ ಹೇಳಬೇಕು.

ತಿನ್ನುವ ವಿಷಯದಲ್ಲೂ ನಾನು ಎಡವಿದ್ದು ಅಭ್ಯಾಸವಿಲ್ಲದೆ. ದೇಹದಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಶಕ್ತಿ ಸುಮಾರು 2,000 ಕ್ಯಾಲರಿ; ಬೆಟ್ಟ ಹತ್ತುವವನಿಗೆ ಅದು ಕೆಲವೇ ಗಂಟೆಗಳ ಬಂಡವಾಳ. ಆದ್ದರಿಂದ ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು ಎಂಬುದು ನನಗೂ ಬಾಯಿಪಾಠವಾಗಿತ್ತು. ಆದರೆ ಕಲ್ಲುದಾರಿಯಲ್ಲಿ ಹ್ಯಾಂಡಲ್ಲಿನಿಂದ ಒಂದು ಕೈ ತೆಗೆದರೆ ಸೈಕಲ್ ಎತ್ತಲೋ ಹೋಗುತ್ತದೆ, ಬೆವರಿದ ಬೆರಳಿಗೆ ಪೊಟ್ಟಣ ಹರಿಯುವುದಿಲ್ಲ. ಹಾಗಾಗಿ ಪ್ರತಿ ಸಲ ನಿಂತೆ. ಈಗ ಪೊಟ್ಟಣಗಳ ಮೂಲೆಯನ್ನು ಮನೆಯಲ್ಲೇ ಕತ್ತರಿಸಿಡುತ್ತೇನೆ. ದಾರಿ ಸಮವಾಗಿರುವ ಕಡೆ, ಏರು ಶುರುವಾಗುವ ಮೊದಲೇ ಬಾಯಿಗೆ ಹಾಕಿಕೊಳ್ಳುತ್ತೇನೆ. ಹೊಟ್ಟೆಯನ್ನೂ ಕಾಲಿನಂತೆಯೇ ತಿಂಗಳುಗಟ್ಟಲೆ ಪಳಗಿಸಬೇಕು. ಸ್ಪರ್ಧೆಯ ದಿನ ಹೊಸದನ್ನು ಕುಡಿದು ಪೊದೆ ಹುಡುಕಿಕೊಂಡು ಹೋದವರನ್ನು ಕಂಡಿದ್ದೇನೆ.

ವಾರಕ್ಕೆ ಐದು ದಿನ ‘ಉಸಿರು ಕಟ್ಟುವಂತೆ’ ತುಳಿಯಬೇಕೆಂಬ ನಿಮ್ಮ ಲೇಖನದ ಸಲಹೆಯನ್ನಂತೂ ದಯವಿಟ್ಟು ಯಾರೂ ಪಾಲಿಸದಿರಲಿ. ದಿನವಿಡೀ ಕಚೇರಿಯಲ್ಲಿ ಕುಳಿತು ಎದ್ದವರಿಗೆ ಅದು ಮೊಣಕಾಲು ನೋವಿನ ದಾರಿ. ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡುವಷ್ಟು ನಿಧಾನವಾಗಿ ತುಳಿಯುವ ದಿನಗಳೇ ಹೆಚ್ಚಿರಬೇಕು, ಉಸಿರು ಕಟ್ಟುವ ದಿನ ವಾರಕ್ಕೆ ಎರಡಿದ್ದರೆ ಧಾರಾಳ. ಕೊನೆಯ ಎರಡು ವಾರ ದೂರವನ್ನು ಅರ್ಧಕ್ಕಿಳಿಸಬೇಕು, ವೇಗವನ್ನು ಇಳಿಸಬಾರದು. ಇನ್ನೊಂದನ್ನು ಸವಾರರೂ ಹೇಳಿಕೊಳ್ಳುವುದಿಲ್ಲ: ಸೈಕಲ್ ತಳ್ಳಿಕೊಂಡು ನಡೆಯುವುದು. ಕಡಿದಾದ ಕಡೆಗಳಲ್ಲಿ ನಮ್ಮಂಥವರು ಇಳಿದು ತಳ್ಳುತ್ತೇವೆ. ಗಟ್ಟಿ ಅಟ್ಟೆಯ ಸೈಕಲ್ ಶೂ ಹಾಕಿಕೊಂಡು ಅರ್ಧ ಗಂಟೆ ಏರು ನಡೆದು ನೋಡಿ, ಮೀನಖಂಡಗಳು ಬೇರೆಯದೇ ಕಥೆ ಹೇಳುತ್ತವೆ.

ತಂಡ ಕಟ್ಟಿ ಅಭ್ಯಾಸ ಮಾಡುವವರಿಗೂ ಒಂದು ಮಾತು. ದಕ್ಷಿಣ ಆಫ್ರಿಕಾದಲ್ಲಿ 2004ರಲ್ಲಿ ಶುರುವಾದ ಕೇಪ್ ಎಪಿಕ್, ಎಂಟು ದಿನಗಳ ಜೋಡಿ ಸವಾರರ ಸ್ಪರ್ಧೆ. ಜೊತೆಗಾರರ ನಡುವಿನ ಅಂತರ ಎರಡು ನಿಮಿಷ ಮೀರಿದರೆ ದಂಡ. ನಮ್ಮ ಭಾನುವಾರದ ಗುಂಪಿನಲ್ಲಿ ಈ ನಿಯಮವಿದ್ದರೆ ಬೆಳಗ್ಗೆ ಒಂಬತ್ತಕ್ಕೆ ಎಲ್ಲರಿಗೂ ದಂಡ ಬಿದ್ದಿರುತ್ತಿತ್ತು. ಹಿಂದೆ ಉಳಿದವನ ಟೈರು ನೋಡಲು ಯಾರೂ ತಿರುಗುವುದಿಲ್ಲ.

ಸಂಪಾದಕರೇ, ನನ್ನ ಕೋರಿಕೆ ದೊಡ್ಡದಲ್ಲ. ಗೆದ್ದವರ ಚಿತ್ರ ಹಾಕಿ, ಬೇಡ ಎನ್ನುವುದಿಲ್ಲ. ಆದರೆ ಇಂಥ ಸ್ಪರ್ಧೆಗಳಿಗೆ ಹೋಗುವ ಹತ್ತರಲ್ಲಿ ಒಂಬತ್ತು ಮಂದಿಯ ಎದುರಾಳಿ ಪಕ್ಕದ ಸವಾರನಾಗಿರದೆ ಗಡುವಿನ ಗಡಿಯಾರವೇ ಆಗಿರುತ್ತದೆ. ಗಡುವಿಗೆ ಐದು ನಿಮಿಷ ಮೊದಲು ಬಂದವರಲ್ಲಿ ಒಬ್ಬರನ್ನು ಕರೆದು, ಅವರ ಸೀಟಿನ ಕೆಳಗಿನ ಚೀಲದಲ್ಲಿ ಏನೇನಿತ್ತು ಎಂದು ಕೇಳಿ ಬರೆಸಿ. ಆ ಹಿರಿಯರ ಹೆಸರು ಕೇಳುವುದಕ್ಕೂ ನನಗೆ ಆ ದಿನ ತೋಚಲಿಲ್ಲ. ಇಲ್ಲದಿದ್ದರೆ ಅವರನ್ನೇ ಸೂಚಿಸುತ್ತಿದ್ದೆ.

ಮುಂದಿನ ಸ್ಪರ್ಧೆಗೆ ಒಂಬತ್ತು ವಾರಗಳಿವೆ. ಈಗ ಕಣ್ಣು ಮುಚ್ಚಿಕೊಂಡೂ ಟೈರು ಬಿಚ್ಚಿ ಹಾಕಬಲ್ಲೆ, ಹನ್ನೊಂದು ನಿಮಿಷ ಸಾಕು, ಎಂಟಕ್ಕೆ ಇಳಿಸಬೇಕು. ನಿನ್ನೆ ರಾತ್ರಿ ಎರಡೂ ಚಕ್ರಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದೆ. ಮುಂದಿನದರಲ್ಲಿ ದ್ರವ ಕುಲುಕುವ ಸದ್ದು ಚೆನ್ನಾಗಿ ಕೇಳಿತು. ಹಿಂದಿನದರಲ್ಲಿ ಸ್ವಲ್ಪ ಅನುಮಾನ. ಇವತ್ತು ಬಿಚ್ಚುತ್ತೇನೆ.

ಇತಿ,
ನಿಮ್ಮ ಹಳೆಯ ಓದುಗ